ಫೆಬ್ರವರಿಯಲ್ಲಿ ಸೆರೆಂಗೆಟಿಗೆ ಹೋದ್ರೆ ನದಿ ದಾಟೋದು ಸಿಗಲ್ಲ, ಆದ್ರೂ ಹೋಗಿ

ನಿಮಗೆ ಫೆಬ್ರವರಿಯಲ್ಲಿ ಮಾತ್ರ ರಜೆ, ಆಗ ಟಾಂಜಾನಿಯಾದ ಸೆರೆಂಗೆಟಿ ಪಾರ್ಕಿಗೆ ಹೋದ್ರೆ ವೈಲ್ಡಬೀಸ್ಟ್ ಹಿಂಡು (ದನದ ಥರ ಕಾಣೋ ಆಫ್ರಿಕಾದ ಹುಲ್ಲೆ) ಮೊಸಳೆ ಬಾಯಿಗೆ ಸಿಕ್ಕೊಂಡು ನದಿ ದಾಟೋ ಆ ಸೀನು ಕಾಣಲ್ವಂತೆ, ಬಂಡೀಪುರ ಕಬಿನಿ ಹತ್ತು ಸಲ ನೋಡಿರೋರು ಅಷ್ಟು ದುಡ್ಡು ಸುರಿದು ಹೋಗ್ಬೇಕಾ ಅಂತ ಕೇಳಿದೀರ. ನಾನು ಹೋಗಿದ್ದೂ ಫೆಬ್ರವರಿಯಲ್ಲೇ. ಕಾಣಲ್ಲ ಅನ್ನೋದು ನಿಜ, ಅದು ನಡೆಯೋದು ಪಾರ್ಕಿನ ಉತ್ತರದ ತುದಿಯಲ್ಲಿ, ಮಾರಾ ನದಿ ಹತ್ರ, ಹೆಚ್ಚುಕಮ್ಮಿ ಜುಲೈಯಿಂದ ಅಕ್ಟೋಬರ್ ತನಕ. ಆದ್ರೆ ನನ್ನ ಕೇಳಿದ್ರೆ ಅದಕ್ಕಿಂತ ದೊಡ್ಡ ವಿಷಯ ಫೆಬ್ರವರಿಯಲ್ಲೇ ಇದೆ, ಅದು ಹುಲ್ಲು. ನಗಬೇಡಿ.

ನಮ್ಮ ಕಾಡಿನಲ್ಲಿ ಏನ್ ಮಾಡ್ತೀವಿ? ಜೀಪಲ್ಲಿ ಉಸಿರು ಬಿಗಿ ಹಿಡ್ಕೊಂಡು ಕೂತು, ಲಂಟಾನ ಪೊದೆ ಮಧ್ಯೆ ಹಳದಿ ಏನಾದ್ರೂ ಅಲ್ಲಾಡ್ತಾ ಅಂತ ನೋಡ್ತೀವಿ, ಜಿಂಕೆ ಕೂಗಿದ್ರೆ ಹುಲಿ ಬಂತು ಅಂತ ಎದ್ದು ನಿಲ್ತೀವಿ. ಅಲ್ಲಿ ಆ ಅಭ್ಯಾಸವೆಲ್ಲ ಕೆಲಸಕ್ಕೆ ಬರಲ್ಲ. ಹುಲಿ ಇಲ್ವೇ ಇಲ್ಲ, ಜಿಂಕೆನೂ ಇಲ್ಲ (ಕಾಣೋದೆಲ್ಲ ಗ್ಯಾಝೆಲ್, ಇಂಪಾಲ, ಅಂದ್ರೆ ನಮ್ಮ ಕೃಷ್ಣಮೃಗದ ನೆಂಟರು). ಪಾರ್ಕಿನ ದಕ್ಷಿಣದ ಕಡೆ ಇರೋ ನಾಬಿ ಹಿಲ್ ಗೇಟಿನ ಗುಡ್ಡ ಹತ್ತಿ ಕೆಳಗೆ ನೋಡಿದಾಗ ನನಗೆ ಮೊದಲು ಅನ್ಸಿದ್ದು, ಅಯ್ಯೋ ಇಲ್ಲಿ ಏನೂ ಇಲ್ವಲ್ಲಪ್ಪ ಅಂತ. ಒಂದು ಮರ ಇಲ್ಲ, ಪಾದ ಮುಚ್ಚೋಷ್ಟು ಹುಲ್ಲು, ಕಣ್ಣು ಎಲ್ಲೂ ಹೋಗಿ ತಗಲಲ್ಲ. ಕೊನೆಯೇ ಇಲ್ಲದೆ ಹರಡಿರೋ ನೆಲ ಅನ್ನೋ ಅರ್ಥದ ಮಾಸಾಯಿ (ಅಲ್ಲಿನ ದನ ಮೇಯಿಸೋ ಜನ) ಮಾತಿಂದಲೇ ಸೆರೆಂಗೆಟಿ ಅನ್ನೋ ಹೆಸರು ಬಂದಿದ್ದಂತೆ. ಪಾರ್ಕೇ 14,763 ಚದರ ಕಿಲೋಮೀಟರು, ಎರಡು ಮೈಸೂರು ಜಿಲ್ಲೆ ಸೇರಿಸಿದ್ರೂ ಸಾಲಲ್ಲ.

ಆಮೇಲೆ ದೂರದಲ್ಲಿ ಮೆಣಸು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಕಾಣ್ತು, ಬೈನಾಕ್ಯುಲರ್ ಇಟ್ರೆ ಪ್ರತಿ ಚುಕ್ಕೆನೂ ಒಂದು ವೈಲ್ಡಬೀಸ್ಟ್, ಎಡಕ್ಕೂ ಬಲಕ್ಕೂ ಅದೇ.

ಕರು ಹಾಕೋಕೆ ಯಾಕೆ ಈ ದಕ್ಷಿಣದ ಬಯಲಿಗೇ ಬರ್ತವೆ ಅಂದ್ರೆ, ಪೂರ್ವಕ್ಕೆ ಓಲ್ ದೊಇನ್ಯೊ ಲೆಂಗೈ ಅಂತ ಜ್ವಾಲಾಮುಖಿ ಇದೆ, ಮಾಸಾಯಿಗಳಿಗೆ ಅದು ದೇವರ ಬೆಟ್ಟ. ಅದೂ ಅದರ ಸುತ್ತಮುತ್ತಲಿನ ಹಳೇ ಜ್ವಾಲಾಮುಖಿಗಳೂ ಉಗುಳಿದ ಬೂದಿ ಸಾವಿರಾರು ವರ್ಷ ಗಾಳಿಗೆ ಹಾರಿ ಬಂದು ಈ ಬಯಲಲ್ಲಿ ಬಿದ್ದಿದೆ. ಆ ಬೂದಿಯಲ್ಲಿರೋ ಸುಣ್ಣ ಮಳೆ ನೀರಲ್ಲಿ ಇಳಿದು ಕೆಳಗೆ ಸಿಮೆಂಟಿನ ಥರ ಗಟ್ಟಿ ಪದರ ಕಟ್ಕೊಂಡಿದೆ, ಮರದ ಬೇರು ಅದನ್ನ ಸೀಳೋಕಾಗಲ್ಲ, ಅದಕ್ಕೇ ಮರ ಇಲ್ಲ, ಹುಲ್ಲು ಮಾತ್ರ. ಆದ್ರೆ ಆ ಗಿಡ್ಡ ಹುಲ್ಲಲ್ಲಿ ಕ್ಯಾಲ್ಸಿಯಂ, ರಂಜಕ ಭರ್ತಿ, ಹಾಲು ಕೊಡೋ ತಾಯಿಗೆ ಬೇಕಾಗಿರೋದೇ ಅದು. ಉತ್ತರದಲ್ಲಿ ಮಳೆ ಜಾಸ್ತಿ, ಹುಲ್ಲು ಎತ್ತರ, ಆದ್ರೆ ಸಪ್ಪೆ. ಹಾಗಾಗಿ ಹದಿಮೂರು ಹದಿನಾಲ್ಕು ಲಕ್ಷ ಪ್ರಾಣಿ ನೀರಿಗೋಸ್ಕರ ಉತ್ತರಕ್ಕೆ ಹೋಗಿ, ಬಾಣಂತನಕ್ಕೆ ತವರಿಗೆ ಬಂದ ಹಾಗೆ ದಕ್ಷಿಣಕ್ಕೆ ವಾಪಸ್ ಬರ್ತವೆ. ಟೀವಿಯಲ್ಲಿ ತೋರ್ಸೋ ನದಿ ದಾಟೋದು ಆ ದಾರಿಯಲ್ಲಿ ಸಿಗೋ ಒಂದು ತಾಪತ್ರಯ ಅಷ್ಟೇ.

ಕರು ಹಾಕೋದು ಬಹುಪಾಲು ಫೆಬ್ರವರಿ ಸುಮಾರಿನ ಎರಡು ಮೂರು ವಾರದಲ್ಲೇ ಮುಗಿದೋಗುತ್ತೆ, ಅದೂ ಒಂದು ಉಪಾಯನೇ ಅನ್ನಿ, ಸಿಂಹ ಕತ್ತೆಕಿರುಬ ಎಷ್ಟಂತ ತಿಂತವೆ, ಹೊಟ್ಟೆ ತುಂಬಿದ ಮೇಲೂ ಕರು ಮಿಕ್ಕಿರ್ತವೆ. ಅದೇ ದಕ್ಷಿಣದ ಬಯಲಲ್ಲಿರೋ ಎಂಡೂಟು ಅನ್ನೋ ಜಾಗದ ಹತ್ರ ನಮ್ಮ ಗಾಡಿಯಿಂದ ಐವತ್ತು ಅಡಿಯಲ್ಲಿ ಒಂದು ಹಾಕ್ತು. ಒದ್ದೆ ಕರು, ತಿಳಿ ಕಂದು ಬಣ್ಣ, ಮೂರು ಸಲ ಮೂತಿ ಮುಂದಾಗಿ ಬಿತ್ತು, ಡ್ರೈವರ್ ವಾಚ್ ನೋಡ್ತಾ ಕೂತಿದ್ರು, ಏಳು ನಿಮಿಷಕ್ಕೆ ತಾಯಿ ಹಿಂದೆ ನಡೀತಿತ್ತು. ಮನುಷ್ಯರ ಮಗುಗೆ ವರ್ಷ ಬೇಕು ಅಂತ ನಮ್ಮ ಹೆಂಡತಿ ಅಂದ್ಲು. ಸ್ವಲ್ಪ ಆಚೆ ಇನ್ನೊಂದು ಕರು ತಾಯಿ ತಪ್ಪಿಸ್ಕೊಂಡು ನಮ್ಮ ಗಾಡಿನೇ ತಾಯಿ ಅನ್ಕೊಂಡು ಹಿಂದೆ ಬಂತು, ಅದನ್ನ ನೋಡಕ್ಕಾಗ್ಲಿಲ್ಲ. ಅದೇನಾಯ್ತು ಅಂತ ಬರೆಯಲ್ಲ.

ಇನ್ನೊಂದು ಕಥೆ ನೀವು ಕೇಳಿರಲ್ಲ. 1890ರ ದಶಕದಲ್ಲಿ ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ಪೂರ್ವ ಆಫ್ರಿಕಾದಲ್ಲಿ ದನ, ಕಾಡೆಮ್ಮೆ, ವೈಲ್ಡಬೀಸ್ಟ್ ಎಲ್ಲಾ ಗುಡಿಸಿ ಹಾಕ್ತು. ಆಮೇಲೂ ದಶಕಗಟ್ಟಲೆ ಕರುಗಳನ್ನ ಸಾಯಿಸ್ತಾನೇ ಇತ್ತು. 1960ರ ಹೊತ್ತಿಗೆ ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ್ಮೇಲೆ, ಕಾಡುಪ್ರಾಣಿಗೆ ಯಾರೂ ಸೂಜಿ ಚುಚ್ಚದೇನೇ ರೋಗ ಹೋಯ್ತು, ಎರಡೂವರೆ ಲಕ್ಷದಷ್ಟಿದ್ದ ವೈಲ್ಡಬೀಸ್ಟ್ 1970ರ ದಶಕದ ಕೊನೆಗೆ ಹತ್ತು ಲಕ್ಷ ದಾಟ್ತು. ಅನಾದಿಕಾಲದ ದೃಶ್ಯ ಅಂತ ಬ್ರೋಷರ್‌ಗಳಲ್ಲಿ ಬರೀತಾರಲ್ಲ, ಅದು ದನದ ಲಸಿಕೆಯ ಪುಣ್ಯ. ಆದ್ರೆ ಅದೇ ಹೊತ್ತಲ್ಲಿ, 1959ರಲ್ಲಿ, ಪಾರ್ಕಿನೊಳಗಿದ್ದ ಮಾಸಾಯಿಗಳನ್ನ ದನಗಳ ಸಮೇತ ಎಬ್ಬಿಸಿ ಪಕ್ಕದ ಗೊರೊಂಗೊರೊ ಕಡೆಗೆ ಕಳಿಸಿದ್ರು. ನಾಗರಹೊಳೆಯ ಹಾಡಿಗಳ ಕಥೆ ಗೊತ್ತಿರೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಪಾರ್ಕಿನೊಳಗಿನ ಮೋರು ಬಂಡೆಗಳ ಮೇಲೆ ಮಾಸಾಯಿಗಳು ಬರೆದ ಗುರಾಣಿ ಚಿತ್ರಗಳು ಇನ್ನೂ ಇವೆ, ಕೇಳಿ ಹೋಗಿ ನೋಡಿ.

ಸಿಂಹ ಬೇಕಾದಷ್ಟು ಸಿಗ್ತವೆ, ಬಯಲ ಮಧ್ಯೆ ಎದ್ದಿರೋ ಗ್ರಾನೈಟ್ ಬಂಡೆಗಳ ಮೇಲೆ ನೋಡಿ, ನಮ್ಮ ರಾಮನಗರದ ಬಂಡೆಗಳದ್ದೇ ಚಿಕ್ಕ ರೂಪ. ಸಿವಂಗಿಗೆ (ಚೀತಾ) ಚಿರತೆ ಅನ್ಬೇಡಿ, ಎರಡೂ ಅಲ್ಲಿವೆ, ಬಯಲಲ್ಲಿ ಓಡೋದು ಸಿವಂಗಿ, ಪಾರ್ಕಿನ ಮಧ್ಯದ ಸೆರೊನೆರಾ ಕಡೆ ಮರದ ಮೇಲೆ ಬಾಲ ಇಳಿಬಿಟ್ಟು ಮಲಗೋದು ಚಿರತೆ.

ರೂಮ್ ಬುಕ್ ಮಾಡುವಾಗ ಎಂಡೂಟು ಸುತ್ತಮುತ್ತ ನೋಡಿ, ಉತ್ತರದ ಲಾಡ್ಜು ಅಗ್ಗಕ್ಕೆ ಸಿಕ್ತು ಅಂತ ಅಲ್ಲಿ ಹೋದ್ರೆ ಆ ತಿಂಗಳಲ್ಲಿ ಖಾಲಿ ಬಯಲು ಕಾಯ್ತಾ ಕೂರ್ಬೇಕಾಗುತ್ತೆ. ಬೆಳಿಗ್ಗೆ ಚಳಿ ಇರುತ್ತೆ, ಸ್ವೆಟರ್ ಇರಲಿ. ಭಾಷೆಗೆ ಹೆದರ್ಬೇಡಿ, ಗಾಡಿಗೆ ಸ್ವಾಹಿಲಿಯಲ್ಲೂ ಗಾರಿನೇ, ಚಪಾತಿ ಅಂದ್ರೆ ಚಪಾತಿನೇ ಬರುತ್ತೆ. ಕಡು ನೀಲಿ, ಕಪ್ಪು ಬಟ್ಟೆ ಮಾತ್ರ ಬೇಡ, ಅಲ್ಲಿನ ಕಚ್ಚೋ ಟ್ಸೆಟ್ಸೆ ನೊಣಕ್ಕೆ ಆ ಬಣ್ಣ ಅಂದ್ರೆ ಪ್ರಾಣ. ದಾರಿಯಲ್ಲಿ ಮರಕ್ಕೆ ನೀಲಿ ಕಪ್ಪು ಬಟ್ಟೆ ಕಟ್ಟಿರೋದು ನೋಡಿ ಯಾವುದೋ ಪಕ್ಷದ ಬಾವುಟ ಇರ್ಬೇಕು ಅನ್ಕೊಂಡಿದ್ದೆ, ಅದು ನೊಣ ಹಿಡಿಯೋ ಬಲೆ, ನಾನು ಹಾಕಿದ್ದ ಟೀಶರ್ಟೂ ಅದೇ ನೀಲಿ.