ಕನ್ನಡಿ ನೋಡಿ ಬರೆದಿರಾ?

ನಮಸ್ಕಾರ. ಇಂಗ್ಲಿಷ್ ಪದಗಳು ಬಾಯಲ್ಲಿ ಹೇಗೆ ಹುಟ್ಟುತ್ತವೆ ಅಂತ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಭಾಷೆ ಸಲೀಸಾಗಿದೆ. ‘ಸ್ಟ್ರೆಂಗ್ತ್ಸ್’ನಲ್ಲಿ ಒಂದೇ ಸ್ವರಕ್ಕೆ ಮೊದಲು 3, ಆಮೇಲೆ 4 ವ್ಯಂಜನ ಬರಬಹುದು ಅಂದಿದ್ದೀರಲ್ಲ, ಅದು ಚೆನ್ನಾಗಿದೆ. ಆದರೆ ಎರಡನೇ ಪ್ಯಾರಾ ಓದಿ ನಿಜಕ್ಕೂ ರೇಗಿತು.

"‘ಸೂನ್’ ಎನ್ನುವಾಗ ಬಾಯಿ ಮೊದಲು ಸ್, ನಂತರ ಊ, ಕೊನೆಗೆ ನ್ ಅನ್ನು ಪೋಣಿಸುತ್ತದೆ." ಇದನ್ನು ಬರೆಯುವ ಮುಂಚೆ ಒಂದು ಸಲ ಕನ್ನಡಿ ಮುಂದೆ ನಿಂತು ಹೇಳಿ ನೋಡಿದಿರಾ? ಈಗ ನೋಡಿ. ‘ಸೀ’ ಅನ್ನಲು ಹೊರಟು ಸ್‌ನಲ್ಲೇ ನಿಲ್ಲಿಸಿ. ತುಟಿ ಅಗಲವಾಗಿದೆ ಅಲ್ವಾ? ಈಗ ‘ಸೂನ್’ ಅನ್ನಲು ಹೊರಟು ಅಲ್ಲೇ ನಿಲ್ಲಿಸಿ. ಊ ಇನ್ನೂ ಬಂದೇ ಇಲ್ಲ, ತುಟಿ ಆಗಲೇ ದುಂಡಗಾಗಿದೆ. ಇತ್ತ ಊ ಮುಗಿಯುವ ಮುಂಚೆಯೇ ಹಿಂದಿನ ಮೆತ್ತನೆ ಅಂಗುಳ ಕೆಳಗಿಳಿದು, ನ್‌ಗೆ ಬೇಕಾದ ಗಾಳಿಯನ್ನು ಮೂಗಿಗೆ ಬಿಡಲು ಶುರು ಮಾಡಿರುತ್ತದೆ. ಪೋಣಿಸುವುದು ಎಲ್ಲಿ ಬಂತು? ಮೂರೂ ಒಂದರೊಳಗೊಂದು ಕಲಸಿಕೊಂಡಿವೆ.

ಇನ್ನೊಂದು ಸಾಲು: "‘ಪಿನ್’, ‘ಸ್ಪಿನ್’ ಎರಡರಲ್ಲೂ ಇರುವುದು ಅದೇ ಪ್." ನಿಮ್ಮ ಬಾಯಲ್ಲಿ ಇರಬಹುದು, ಇಂಗ್ಲಿಷರ ಬಾಯಲ್ಲಿ ಇಲ್ಲ. ‘ಪಿನ್’ ಅನ್ನುವಾಗ ಅವರ ತುಟಿ ಬಿಚ್ಚಿದ ಕೂಡಲೇ ಉಸಿರು ಭುಸ್ಸಂತ ನುಗ್ಗುತ್ತದೆ. ಹಿಂದೆ ಸ್ ಇದ್ದರೆ ಆ ಉಸಿರೇ ಇಲ್ಲ.

ಇದು ನನಗೆ ಗೊತ್ತಾದದ್ದು ಮಾನ ಹೋಗಿಯೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಇಂಥದ್ದೇ ಒಂದು ಲೇಖನ ಬರೆದಿದ್ದೆ, ಪೂರ್ತಿ ಪುಸ್ತಕ ನೋಡಿಕೊಂಡು. ‘ಪಿನ್’ ಅಂದರೆ ಬಾಯಿ ಮುಂದೆ ಹಿಡಿದ ಕಾಗದ ಹಾರುತ್ತದೆ, ‘ಸ್ಪಿನ್’ ಅಂದರೆ ಹಾರುವುದಿಲ್ಲ ಅಂತ ಜಂಬದಿಂದ ಬರೆದೆ. ನಮ್ಮ ಹಿರಿಯ ಸಂಪಾದಕರು ಏನೂ ಹೇಳದೆ ಕಾಗದದ ಒಂದು ಚೂರು ಹರಿದು ಕೈಗೆ ಕೊಟ್ಟು, "ಹಾರಿಸಪ್ಪಾ" ಅಂದರು. ‘ಪಿನ್’ ಅಂದೆ. ಅಲ್ಲಾಡಲಿಲ್ಲ. ಗಟ್ಟಿಯಾಗಿ ಅಂದೆ, ಎಂಜಲು ಸಿಡಿಯಿತೇ ಹೊರತು ಕಾಗದ ಹಾಗೇ ಇತ್ತು. ಪಕ್ಕದ ಮೇಜಿನವರೆಲ್ಲ ನಗುತ್ತಿದ್ದರು. ಆಮೇಲೆ ಅವರೇ ಹೇಳಿದರು: "ನೀನು ನಮ್ಮ ಪ ಹೇಳ್ತಿದ್ದೀಯ. ತುಟಿ ಎರಡೂ ಮುಚ್ಚಿ ಮಹಾಪ್ರಾಣದ ಫ ಹೇಳು." ಹೇಳಿದೆ, ಹಾರಿತು. ನಮಗೆ ಎರಡು ಅಕ್ಷರವಾಗಿರುವುದು ಇಂಗ್ಲಿಷಿನವರಿಗೆ ಒಂದೇ ಅಕ್ಷರ, ಹಾಗಾಗಿ ವ್ಯತ್ಯಾಸ ಮಾಡುತ್ತಿದ್ದೇವೆ ಅನ್ನುವುದೂ ಅವರಿಗೆ ಗೊತ್ತಾಗುವುದಿಲ್ಲ.

ಉಳಿದ ಪುಟಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಈ ಎರಡು ಪ್ಯಾರಾ ಮಾತ್ರ ಹೊಸದಾಗಿ ಬರೆದು ಕಳಿಸಿ, ಕಾಗದ ಹಾರಿದ ಮೇಲೆ.