ಅರಬ್ಬಿ ಬಾರದವರು ನಮಾಜನ್ನು ತಮ್ಮ ಮಾತಿನಲ್ಲೇ ಮಾಡಬಾರದೇ? ಅರ್ಥವಾಗದೆ ಓದಿ ಏನು ಪ್ರಯೋಜನ?

ನೀವು ಕೇಳಿರುವುದು ಒಂದಲ್ಲ, ಎರಡು ಪ್ರಶ್ನೆ. ಅರಬ್ಬಿಯೇ ಯಾಕೆ ಎಂಬುದು ಒಂದು. ಅರ್ಥವಾಗದಿದ್ದರೆ ಅದು ಗಿಳಿಪಾಠವಲ್ಲವೇ ಎಂಬುದು ಇನ್ನೊಂದು. ಎರಡನ್ನೂ ಬೆರೆಸಿಬಿಟ್ಟರೆ ಉತ್ತರ ಹಳಿ ತಪ್ಪುತ್ತದೆ, ಹಾಗಾಗಿ ಬೇರೆ ಬೇರೆಯಾಗಿಯೇ ನೋಡೋಣ.

ಗೊಂದಲದ ಮೂಲ ‘ಪ್ರಾರ್ಥನೆ’ ಎಂಬ ಪದ. ಕನ್ನಡದಲ್ಲಿ ಪ್ರಾರ್ಥನೆ ಎಂದರೆ ಬೇಡಿಕೊಳ್ಳುವುದು. ಇಸ್ಲಾಮಿನಲ್ಲಿ ಅದಕ್ಕೆ ದುಆ ಎಂದು ಹೆಸರು. ನಮಾಜಿನ ಹೊರಗೆ ಅದನ್ನು ಯಾವ ಭಾಷೆಯಲ್ಲಾದರೂ, ಕೂತು, ನಿಂತು, ನಡೆಯುತ್ತಲೂ ಮಾಡಬಹುದು. ದೇವರಿಗೆ ಅರಬ್ಬಿ ಬಿಟ್ಟು ಬೇರೆ ಭಾಷೆ ತಿಳಿಯದು ಎಂದು ಯಾವ ಧರ್ಮಶಾಸ್ತ್ರಜ್ಞರೂ ಹೇಳಿಲ್ಲ. ನಮಾಜ್ ಬೇರೆಯೇ ವಿಧಿ. (ತಮಾಷೆ ಎಂದರೆ ‘ನಮಾಜ್’ ಅರಬ್ಬಿ ಪದವೇ ಅಲ್ಲ, ಪಾರ್ಸಿ (ಪರ್ಷಿಯನ್) ಭಾಷೆಯದು. ಅರಬ್ಬಿಯಲ್ಲಿ ಅದು ಸಲಾತ್.) ಅದರಲ್ಲಿ ನಿಲ್ಲುವುದು, ಬಾಗುವುದು, ಹಣೆ ನೆಲಕ್ಕಿಡುವುದು, ಕೂರುವುದು ಎಂದು ಹಂತಗಳಿವೆ, ಒಂದೊಂದು ಹಂತಕ್ಕೂ ಗೊತ್ತಾದ ಮಾತಿದೆ. ನಿಂತಿರುವಾಗ ಆಗುವುದು ಕುರ್‌ಆನ್ ಓದು. ಆ ಓದಿನೊಳಗೇ ಬೇಡಿಕೆಯೂ ಇದೆ, ಆದರೆ ಪದಗಳು ನಿಮ್ಮವಲ್ಲ.

ಕುರ್‌ಆನ್ ತನ್ನನ್ನು ‘ಅರಬ್ಬಿ ಕುರ್‌ಆನ್’ ಎಂದೇ ಕರೆದುಕೊಳ್ಳುತ್ತದೆ (12ನೇ ಅಧ್ಯಾಯ, 2ನೇ ವಚನ). ಅನುವಾದ ಎಷ್ಟೇ ಸೊಗಸಾಗಿರಲಿ, ಅದು ಕುರ್‌ಆನಿನ ಅರ್ಥ, ಕುರ್‌ಆನ್ ಅಲ್ಲ ಎಂಬುದು ವಿದ್ವಾಂಸರ ನಿಲುವು. ಇದರ ಜೊತೆಗೆ ಎರಡು ಹದೀಸ್‌ಗಳಿವೆ (ಹದೀಸ್ ಎಂದರೆ ಪ್ರವಾದಿ ಮುಹಮ್ಮದರ ನುಡಿ, ನಡೆಯ ವರದಿ): ಫಾತಿಹಾ (ಕುರ್‌ಆನಿನ ಮೊದಲ ಅಧ್ಯಾಯ) ಓದದವನಿಗೆ ನಮಾಜಿಲ್ಲ, ನಾನು ನಮಾಜ್ ಮಾಡುವುದನ್ನು ಕಂಡಂತೆಯೇ ನೀವೂ ಮಾಡಿ. ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಅರಬ್ಬಿ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ.

ಈ ಚರ್ಚೆ ಹೊಸದೇನಲ್ಲ. 767ರಲ್ಲಿ ತೀರಿಕೊಂಡ, ಹನಫಿ ಪಂಥದ ಮೂಲಪುರುಷ ಇಮಾಮ್ ಅಬೂ ಹನೀಫಾ ಅವರು ಪಾರ್ಸಿಯಲ್ಲಿ ಓದಿದರೂ ನಮಾಜ್ ಆಗುತ್ತದೆ ಎಂದಿದ್ದರು. ಅವರ ಇಬ್ಬರು ಹಿರಿಯ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅಶ್ಶೈಬಾನಿ ಅದನ್ನು ಅರಬ್ಬಿ ಉಚ್ಚರಿಸಲಾಗದವರಿಗೆ ಮಾತ್ರ ಎಂದು ಮಿತಿಗೊಳಿಸಿದರು. ಗುರುಗಳೂ ಕೊನೆಗೆ ಶಿಷ್ಯರ ಮಾತಿಗೆ ಬಂದರೆಂದು ಹನಫಿ ಗ್ರಂಥಗಳು ಹೇಳುತ್ತವೆ. ಮುಂದೆ ಹನಫಿಗಳಲ್ಲಿ ನಿಂತದ್ದು ಶಿಷ್ಯರ ಅಭಿಪ್ರಾಯವೇ. ಶಾಫಿಈ, ಮಾಲಿಕಿ, ಹಂಬಲಿ ಪಂಥಗಳಂತೂ ಫಾತಿಹಾದ ಅನುವಾದವನ್ನು ನಮಾಜಿನಲ್ಲಿ ಒಪ್ಪುವುದೇ ಇಲ್ಲ. ತುರ್ಕಿಯಲ್ಲಿ 1932ರಿಂದ ಅಜಾನನ್ನು (ನಮಾಜಿನ ಕರೆಯನ್ನು) ತುರ್ಕಿ ಭಾಷೆಗೆ ತಿರುಗಿಸಿದ್ದರು, 1941ರಲ್ಲಿ ಅರಬ್ಬಿ ಅಜಾನ್ ಶಿಕ್ಷಾರ್ಹವಾಯಿತು, 1950ರ ಜೂನ್‌ನಲ್ಲಿ ಆ ನಿಷೇಧ ಹೋಯಿತು. ಅಷ್ಟೂ ವರ್ಷ ನಮಾಜಿನೊಳಗಿನ ಕುರ್‌ಆನ್ ಓದು ಅರಬ್ಬಿಯಲ್ಲೇ ಇತ್ತು.

ಇನ್ನು ಎಷ್ಟು ಕಲಿಯಬೇಕೆಂಬ ಲೆಕ್ಕ. ಕಡ್ಡಾಯ ನಮಾಜ್ ದಿನಕ್ಕೆ ಐದು ಹೊತ್ತು: ಫಜ್ರ್ 2, ಜುಹರ್ 4, ಅಸರ್ 4, ಮಗ್ರಿಬ್ 3, ಇಶಾ 4, ಒಟ್ಟು 17 ರಕಅತ್ (ನಿಂತು, ಬಾಗಿ, ಹಣೆ ನೆಲಕ್ಕಿಡುವ ಒಂದು ಸುತ್ತು). ಮತ್ತೆ ಮತ್ತೆ ಬರುವುದು ಫಾತಿಹಾ: 7 ವಚನ, ಬಿಸ್ಮಿಲ್ಲಾ ಸೇರಿ 29 ಪದ. ಅದರ ಜೊತೆಗೆ ಓದಲು ಒಂದು ಚಿಕ್ಕ ಸೂರಾ (ಅಧ್ಯಾಯ) ಸಾಕು. ಅಲ್‌ಕೌಸರ್‌ನಲ್ಲಿ ಇರುವುದೇ 3 ವಚನ. ರುಕೂದಲ್ಲಿ (ಬಾಗಿದಾಗ) ‘ಸುಬ್‌ಹಾನ ರಬ್ಬಿಯಲ್ ಅಜೀಮ್’, ಏಳುವಾಗ ‘ಸಮಿಅಲ್ಲಾಹು ಲಿಮನ್ ಹಮಿದಹ್, ರಬ್ಬನಾ ಲಕಲ್ ಹಮ್ದ್’, ಸಜ್ದಾದಲ್ಲಿ (ಹಣೆ ನೆಲಕ್ಕಿಟ್ಟಾಗ) ‘ಸುಬ್‌ಹಾನ ರಬ್ಬಿಯಲ್ ಅಅ್‌ಲಾ’, ಕೂತಾಗ ಅತ್ತಹಿಯ್ಯಾತ್ (ವಂದನೆಯ ಪಾಠ) ಮತ್ತು ದರೂದ್ (ಪ್ರವಾದಿಗೆ ಶುಭ ಕೋರುವ ಪಾಠ), ಕೊನೆಗೆ ನಮಾಜ್ ಮುಗಿಸುವ ಸಲಾಮ್. ಎಲ್ಲ ಸೇರಿಸಿ ಬರೆದರೂ ಒಂದು ಪುಟ ತುಂಬುವುದು ಕಷ್ಟ. ‘ಅರಬ್ಬಿ ಭಾಷೆ ಕಲಿಯಬೇಕು’ ಎಂದು ಹೆದರುವವರು ಈ ಪುಟವನ್ನು ಒಮ್ಮೆ ಕಣ್ಣಾರೆ ನೋಡಬೇಕು.

ಅರಬ್ಬಿ ಬೇಡದ ಕಡೆಯೂ ಅರಬ್ಬಿ ಹೊತ್ತುಕೊಳ್ಳುವವರಿದ್ದಾರೆ. ನಿಯ್ಯತ್ ಎಂದರೆ ಮನಸ್ಸಿನ ಸಂಕಲ್ಪ. ‘ಈಗ ಜುಹರ್‌ನ ಕಡ್ಡಾಯ ನಮಾಜ್’ ಎಂದು ಮನಸ್ಸಿಗೆ ಗೊತ್ತಿದ್ದರೆ ಮುಗಿಯಿತು, ಉದ್ದದ ಅರಬ್ಬಿ ವಾಕ್ಯ ಒಪ್ಪಿಸುವ ಕಡ್ಡಾಯವಿಲ್ಲ. ಸಲಾಮ್ ಕೊಟ್ಟ ಮೇಲಿನ ದುಆಗೂ ನಿಮ್ಮ ಮಾತೇ ಸಾಕು. ಶುಕ್ರವಾರದ ಖುತ್ಬಾದ (ಪ್ರವಚನದ) ಬೋಧನೆಯ ಭಾಗವನ್ನು ಹಲವು ಮಸೀದಿಗಳಲ್ಲಿ ಕೇಳುಗರ ಭಾಷೆಯಲ್ಲೇ ಮಾಡುತ್ತಾರೆ. ಸಜ್ದಾದಲ್ಲಿ ಸ್ವಂತ ಭಾಷೆಯಲ್ಲಿ ಬೇಡಬಹುದೇ ಎಂಬಲ್ಲಿ ಮಾತ್ರ ಎಚ್ಚರ ಬೇಕು. ಹನಫಿಗಳು ಅದನ್ನು ಮಕ್ರೂಹ್ (ಅಪ್ರಿಯ) ಎನ್ನುತ್ತಾರೆ, ಇಂದಿನ ಕೆಲವು ವಿದ್ವಾಂಸರು ಅರಬ್ಬಿ ಬಾರದವರಿಗೆ ಸಡಿಲ ಬಿಡುತ್ತಾರೆ. ನನ್ನ ಸಲಹೆ: ನಮಾಜಿನೊಳಗೆ ಕುರ್‌ಆನ್, ಹದೀಸ್‌ಗಳಲ್ಲಿ ಬಂದ ದುಆ ಮಾತ್ರ, ಮನೆ, ಮಕ್ಕಳು, ಸಾಲ, ಕಾಯಿಲೆ ಎಲ್ಲವೂ ಸಲಾಮ್ ಆದ ಮೇಲೆ.

ಹೆಚ್ಚು ಜನ ಎಡವುವುದು ಉಚ್ಚಾರದಲ್ಲಿ. ಕನ್ನಡ ಲಿಪಿಯಲ್ಲಿ ಅಚ್ಚಾದ ಪುಸ್ತಕ ನೋಡಿ ಕಲಿಯುವವರು ಇದನ್ನು ಗಮನಿಸಿ. ಅರಬ್ಬಿಯಲ್ಲಿ ಎರಡು ‘ಕ’ ಇವೆ: ಒಂದು ನಮ್ಮ ಕ, ಇನ್ನೊಂದು ಕಿರುನಾಲಿಗೆಯ ಬಳಿ ಹುಟ್ಟುವ ಕಾಫ್. ‘ಕುಲ್ ಹುವಲ್ಲಾಹು ಅಹದ್’ ಎಂಬಲ್ಲಿ ಬೇಕಾದದ್ದು ಎರಡನೆಯದು, ಅರ್ಥ ‘ಹೇಳು’. ನಮ್ಮ ಕ ಹಾಕಿದರೆ ‘ತಿನ್ನು’ ಎಂದಾಗುತ್ತದೆ. ಲಿಪಿಯಲ್ಲಿ ಎರಡೂ ಕುಲ್! ಹಾಗೆಯೇ ಎರಡು ಹ. ಫಾತಿಹಾದ ‘ಅಲ್‌ಹಮ್ದು’ವಿನ ಹ ಗಂಟಲ ನಡುವಿನಿಂದ ಉಜ್ಜಿಕೊಂಡು ಬರಬೇಕು, ಕನ್ನಡದ ಹಗುರ ಹ ಅಲ್ಲ. ‘ಆಲಮೀನ್’ ಶುರುವಾಗುವುದು ಗಂಟಲು ಬಿಗಿಯುವ ಐನ್‌ನಿಂದ. ಅದನ್ನು ಬರೀ ಆ ಮಾಡಿದರೆ ‘ಲೋಕಗಳು’ ಹೋಗಿ ‘ಅಲಮ್’, ಅಂದರೆ ನೋವು, ಅದರ ಕಡೆಗೆ ಪದ ವಾಲುತ್ತದೆ.

ಸ್ವರದ ತಪ್ಪು ಇನ್ನೂ ದೊಡ್ಡದು. ಫಾತಿಹಾದ ‘ಅನ್‌ಅಮ್‌ತ’ ಎಂದರೆ ನೀನು ಅನುಗ್ರಹಿಸಿದೆ. ‘ಅನ್‌ಅಮ್‌ತು’ ಎಂದರೆ ನಾನು ಅನುಗ್ರಹಿಸಿದೆ. ಒಂದು ಉಕಾರಕ್ಕೆ ದೇವರ ಜಾಗದಲ್ಲಿ ನೀವು ನಿಂತಿರುತ್ತೀರಿ. ‘ಅಲ್ಲಾಹು ಅಕ್ಬರ್’ನ ಮೊದಲ ಅ ದೀರ್ಘವಾದರೆ ‘ಅಲ್ಲಾಹನು ದೊಡ್ಡವನೇ?’ ಎಂಬ ಪ್ರಶ್ನೆಯಾಗುತ್ತದೆ. ‘ಅಕ್ಬಾರ್’ ಎಂದು ಎಳೆದರೆ ಒಂದು ಬಗೆಯ ಡೋಲಿನ ಬಹುವಚನ. ಗೊತ್ತಿದ್ದೂ ಹೀಗೆ ಹೇಳಿದರೆ ನಮಾಜ್ ಶುರುವೇ ಆಗುವುದಿಲ್ಲ. ಅರ್ಥ ಕೆಡಿಸುವ ಇಂಥ ತಪ್ಪಿಗೆ ಲಹನ್ ಜಲೀ ಎನ್ನುತ್ತಾರೆ. ಗುನ್ನಾ (ಮೂಗುದನಿ) ಸಾಲಲಿಲ್ಲ, ದೀರ್ಘದ ಅಳತೆ ಹೆಚ್ಚುಕಡಿಮೆಯಾಯಿತು ಎಂಬುದು ಲಹನ್ ಖಫೀ. ಅದಕ್ಕೆ ನಮಾಜ್ ಕೆಡದು. ಫಾತಿಹಾದ ಕೊನೆಯ ಪದ ‘ದ್ವಾಲ್ಲೀನ್’ನ ಮೊದಲ ಅಕ್ಷರ ಅರಬರಲ್ಲದ ಬಹಳಷ್ಟು ಜನರಿಗೆ ಒಲಿಯುವುದಿಲ್ಲ, ಅಲ್ಲಿ ಶಾಸ್ತ್ರಜ್ಞರೂ ಉದಾರಿಗಳು.

ಕನ್ನಡದ ಬಾಯಿಗೆ ಒಂದು ಸೌಲಭ್ಯ, ಒಂದು ತೊಡಕು. ದ್ವಿತ್ವ ನಮಗೆ ನೀರು ಕುಡಿದಷ್ಟು ಸುಲಭ, ಹಾಗಾಗಿ ‘ಇಯ್ಯಾಕ’ದ ಯ್ಯ ಸಡಿಲವಾಗುವುದಿಲ್ಲ. ಆದರೆ ವ್ಯಂಜನದಲ್ಲಿ ಪದ ನಿಲ್ಲಿಸುವುದು ನಮಗೆ ಆಗಿಬರದು. ನಮಾಜ್ ನಮಾಜು ಆದಂತೆ ‘ಮುಸ್ತಕೀಮ್’ ಮುಸ್ತಕೀಮು ಆಗುತ್ತದೆ, ‘ಅಕ್ಬರ್’ ಅಕ್ಬರು ಆಗುತ್ತದೆ. ವಚನದ ಕೊನೆಯಲ್ಲಿ ತುಟಿ, ನಾಲಿಗೆ ನಿಂತಲ್ಲೇ ನಿಲ್ಲಿಸಿ.

ಮೆಲ್ಲಗೆ ಓದುವ ಜುಹರ್, ಅಸರ್‌ಗಳಲ್ಲಿ ಕೆಲವರು ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಓದಿ ಮುಗಿಸುತ್ತಾರೆ. ಅದು ಓದಲ್ಲ, ಯೋಚನೆ. ನಾಲಿಗೆ ಆಡಲೇಬೇಕು; ತನ್ನ ಕಿವಿಗೆ ತನಗೆ ಕೇಳುವಷ್ಟಾದರೂ ಇರಬೇಕು ಎಂಬುದು ಹೆಚ್ಚಿನವರ ಮತ.

ಈಗ ಗಿಳಿಪಾಠದ ಮಾತು. ಅರ್ಥ ತಿಳಿಯದೆ ಓದಿದರೂ ನಮಾಜ್ ಸಿಂಧು. ಆದರೆ 29 ಪದದ ಅರ್ಥವನ್ನು ವರ್ಷಗಟ್ಟಲೆ ಕಲಿಯದೇ ಬಿಡುವುದಕ್ಕೆ ಅರಬ್ಬಿಯನ್ನು ದೂರುವುದು ನ್ಯಾಯವಲ್ಲ. ಧಾತು ಹಿಡಿದರೆ ಕೆಲಸ ಇನ್ನೂ ಹಗುರ. ಹ-ಮ-ದ ಎಂಬ ಮೂರು ಅಕ್ಷರಕ್ಕೆ ಸ್ತುತಿ ಎಂದರ್ಥ. ಫಾತಿಹಾದ ‘ಅಲ್‌ಹಮ್ದು’, ರುಕೂದಿಂದ ಏಳುವಾಗಿನ ‘ಹಮಿದಹ್’, ‘ಲಕಲ್ ಹಮ್ದ್’, ದರೂದಿನ ‘ಹಮೀದ್’, ಕೊನೆಗೆ ‘ಮುಹಮ್ಮದ್’ ಎಂಬ ಹೆಸರು, ಎಲ್ಲವೂ ಅದೇ ಧಾತುವಿನವು. ರ-ಹ-ಮ ಎಂದರೆ ಕರುಣೆ: ರಹ್ಮಾನ್, ರಹೀಮ್, ಸಲಾಮಿನ ‘ರಹ್ಮತುಲ್ಲಾಹ್’. ಅನುವಾದವನ್ನು ನಮಾಜಿನೊಳಗೆ ತರಬೇಕಿಲ್ಲ, ಹೊರಗೆ ಕಲಿತು ಒಳಗೆ ನೆನೆದರೆ ಸಾಕು. ಫಾತಿಹಾವನ್ನು ಒಂದೇ ಉಸಿರಿಗೆ ಉರುಳಿಸದೆ ವಚನಕ್ಕೊಮ್ಮೆ ನಿಲ್ಲಿ. ಪ್ರವಾದಿಯವರು ಹಾಗೆ ನಿಂತು ಓದುತ್ತಿದ್ದರೆಂದು ಅವರ ಪತ್ನಿ ಉಮ್ಮು ಸಲಮಾ ಹೇಳಿದ್ದಾರೆ. ಆ ನಿಲುಗಡೆಯಲ್ಲೇ ಅರ್ಥ ಹೊಳೆಯಲು ಪುರುಸೊತ್ತು ಸಿಗುವುದು.

ಕಲಿಯುವುದಾದರೆ ಕಿವಿ ಮೊದಲು, ಪುಸ್ತಕ ಆಮೇಲೆ. ಸರಿಯಾಗಿ ಓದುವವರ ಎದುರು ಕೂತು ದಿನಕ್ಕೊಂದು ವಚನ ಒಪ್ಪಿಸಿ. ಏಳು ದಿನಕ್ಕೆ ಫಾತಿಹಾ. ಆಮೇಲೆ ರುಕೂ, ಸಜ್ದಾದ ಮಾತು, ನಂತರ ಚಿಕ್ಕ ಸೂರಾ, ಕೊನೆಗೆ ಅತ್ತಹಿಯ್ಯಾತ್. ಹೊಸಬರು ಅದುವರೆಗೆ ನಮಾಜ್ ಬಿಡಬೇಕಿಲ್ಲ. ನನಗೆ ಕುರ್‌ಆನ್ ಕಲಿಯಲಾಗುತ್ತಿಲ್ಲ ಎಂದು ಬಂದವನಿಗೆ ಪ್ರವಾದಿಯವರು ಸುಬ್‌ಹಾನಲ್ಲಾಹ್, ಅಲ್‌ಹಮ್ದುಲಿಲ್ಲಾಹ್, ಲಾ ಇಲಾಹ ಇಲ್ಲಲ್ಲಾಹ್, ಅಲ್ಲಾಹು ಅಕ್ಬರ್, ಲಾ ಹೌಲ ವಲಾ ಕುವ್ವತ ಇಲ್ಲಾ ಬಿಲ್ಲಾಹ್ ಎಂದು ಹೇಳಲು ಕಲಿಸಿದ್ದು ಹದೀಸಿನಲ್ಲಿದೆ. ಸಾಧ್ಯವಾದಾಗಲೆಲ್ಲ ಇಮಾಮರ ಹಿಂದೆ ನಿಂತರೆ ಕಿವಿಯೂ ಪಳಗುತ್ತದೆ. ಮಾತೇ ಬಾರದವರಿಗೆ ಈ ಓದಿನ ಕಡ್ಡಾಯವೇ ಇಲ್ಲ: ನಿಂತು, ಬಾಗಿ, ಹಣೆ ನೆಲಕ್ಕಿಟ್ಟರೆ ಅವರ ನಮಾಜ್ ಪೂರ್ಣ.