ಮಾಸ್ಟೊಡಾನ್‌ನಂಥ ವಿಕೇಂದ್ರೀಕೃತ ಜಾಲತಾಣಗಳಲ್ಲಿ ಬರೀ ತಂತ್ರಜ್ಞರೇ ಕಾಣುವುದೇಕೆ?

ತೊಡಕು ಬಾಗಿಲಲ್ಲೇ ಶುರುವಾಗುತ್ತದೆ. 2016ರಲ್ಲಿ ಜರ್ಮನಿಯ ಯುಜೆನ್ ರೊಚ್ಕೊ ಆರಂಭಿಸಿದ ಮಾಸ್ಟೊಡಾನ್ ಟ್ವಿಟರ್‌ನಂಥ ಸಾಮಾಜಿಕ ಜಾಲ. ಆದರೆ ಅದು ಒಂದೇ ಕಂಪನಿಯದಲ್ಲ, ಬೇರೆ ಬೇರೆಯವರು ನಡೆಸುವ ಸಾವಿರಾರು ಸ್ವತಂತ್ರ ಸರ್ವರ್‌ಗಳ (ಖಾತೆಗಳನ್ನು ಇಟ್ಟುಕೊಳ್ಳುವ ಕಂಪ್ಯೂಟರ್‌ಗಳ) ಕೂಟ. ಖಾತೆ ತೆರೆಯಲು ಬಂದವರಿಗೆ ಬಹುಕಾಲ ಎದುರಾಗುತ್ತಿದ್ದ ಮೊದಲ ಪ್ರಶ್ನೆಯೇ 'ಯಾವ ಸರ್ವರ್?' ಬಲ್ಲವರಿಗೆ ಅದು ಸ್ವಾತಂತ್ರ್ಯ, ಉಳಿದವರಿಗೆ ಗೋಜಲು.

ಆದರೆ ನನ್ನ ಪ್ರಕಾರ ದೊಡ್ಡ ಕಾರಣ ಒಂಟಿತನ. ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದಾಗ, ಅದನ್ನು ಪ್ರತಿಭಟಿಸಿ 2019ರ ನವೆಂಬರ್‌ನಲ್ಲಿ ಭಾರತದ ಸಾಕಷ್ಟು ಮಂದಿ ಮಾಸ್ಟೊಡಾನ್‌ಗೆ ಹೋದರು. ಹಲವರು ಮರಳಿಬಂದರು. ಕ್ರಿಕೆಟ್, ಸಿನಿಮಾ, ನೆಂಟರಿಷ್ಟರು ಎಲ್ಲ ಹಳೆಯ ಕಡೆಯೇ ಉಳಿದಿದ್ದರಲ್ಲ! ಇಂಥವರನ್ನು ನೋಡಿ ಎಂದು ಒಂದೇ ಸಮನೆ ಮುಂದೆ ತಂದಿಡುವ ಅಲ್ಗಾರಿದಮ್ ಕೂಡ ಇಲ್ಲಿಲ್ಲ, ನಾವೇ ಹುಡುಕಿಕೊಳ್ಳಬೇಕು. ಮೊದಲು ಬಂದವರು ಮುಕ್ತ ತಂತ್ರಾಂಶ (ಯಾರು ಬೇಕಾದರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್), ಖಾಸಗಿತನದ ಬಗ್ಗೆ ಕಾಳಜಿಯಿದ್ದವರು. ಹರಟೆಯೂ ಅದರ ಸುತ್ತಲೇ ಬೆಳೆಯಿತು, ಅದು ಹಿಡಿಸಿದವರಷ್ಟೇ ನಿಂತರು.